ಹಳೆಯ ಫೋಟೋದಲ್ಲಿರುವುದು ಯಾವ ಹಮ್ಮಿಂಗ್‌ಬರ್ಡ್? ಗುರುತಿಸುವ ಕ್ರಮ, ಹಂತ ಹಂತವಾಗಿ

ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಮಕ್ಕಳು, ಮೊಮ್ಮಕ್ಕಳು ಈಗ ಹಿರಿಯರ ಸ್ಲೈಡ್ ಪೆಟ್ಟಿಗೆಗಳನ್ನು ತೆರೆದು ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಮೊದಲ ಹಿಮ, ಮೊದಲ ಕಾರು, ಊರಿಂದ ಬಂದ ಅಜ್ಜಿ ಸೀರೆಯ ಮೇಲೆ ಕೋಟು ಹಾಕಿ ನಿಂತದ್ದು, ಇವೆಲ್ಲದರ ನಡುವೆ ಹಿತ್ತಲ ಫೀಡರಿನ (ಹಕ್ಕಿಗೆಂದು ಸಕ್ಕರೆನೀರು ತುಂಬಿ ತೂಗುಹಾಕುವ ಪಾತ್ರೆಯ) ಮುಂದೆ ಗಾಳಿಯಲ್ಲೇ ನಿಂತ ಪುಟಾಣಿ ಹಕ್ಕಿಯ ಚಿತ್ರವೂ ಎಷ್ಟೋ ಪೆಟ್ಟಿಗೆಗಳಲ್ಲಿ ಇರುತ್ತದೆ. ಅದರ ಮೇಲೆ ‘ಹಮ್ಮಿಂಗ್‌ಬರ್ಡ್’ ಎಂದಷ್ಟೇ ಬರೆದಿರುತ್ತದೆ. ಯಾವ ಹಮ್ಮಿಂಗ್‌ಬರ್ಡ್ ಎಂದು ಬರೆದವರು ಕಡಿಮೆ.

ಈ ಹಕ್ಕಿಗಳಲ್ಲಿ 360ಕ್ಕೂ ಹೆಚ್ಚು ಪ್ರಭೇದಗಳಿವೆ ಎಂದು ಕೇಳಿದ ಕೂಡಲೇ ಕೈಚೆಲ್ಲಬೇಡಿ. ಅವುಗಳಲ್ಲಿ ಬಹುಪಾಲು ದಕ್ಷಿಣ ಮತ್ತು ಮಧ್ಯ ಅಮೆರಿಕದವು. ಅಮೆರಿಕ ಸಂಯುಕ್ತ ಸಂಸ್ಥಾನದ ಯಾವುದೋ ಒಂದು ಊರಿನಲ್ಲಿ, ಯಾವುದೋ ಒಂದು ತಿಂಗಳಲ್ಲಿ ಹಿತ್ತಲಿಗೆ ಬರುವವು ಸಾಮಾನ್ಯವಾಗಿ ಒಂದೋ ಎರಡೋ ಮೂರೋ. ಹಾಗಾಗಿ ಸರಿಯಾದ ಕ್ರಮದಲ್ಲಿ ನೋಡಿದರೆ ಮಸುಕು ಫೋಟೋದಲ್ಲೂ ಉತ್ತರ ಸಿಗುವುದುಂಟು. ತೊಡಕಾಗುವುದು ಕ್ರಮ ತಪ್ಪಿದಾಗ. ಎಲ್ಲರ ಕಣ್ಣೂ ಮೊದಲು ಹೋಗುವುದು ಬಣ್ಣದ ಕಡೆಗೆ. ಹಳೆಯ ಫೋಟೋದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಟ್ಟಿರುವುದೂ ಬಣ್ಣವೇ. ಆದ್ದರಿಂದ ಇಲ್ಲಿ ಊರು ಮತ್ತು ತಿಂಗಳು ಮೊದಲು, ಆಕಾರ ಆಮೇಲೆ, ಬಣ್ಣ ಕಟ್ಟಕಡೆಗೆ.

ಮೊದಲು: ಅದು ಹಮ್ಮಿಂಗ್‌ಬರ್ಡ್ ಹೌದೇ?

ಹಮ್ಮಿಂಗ್‌ಬರ್ಡ್‌ಗಳು ಅಲಾಸ್ಕಾದಿಂದ ಟಿಯೆರಾ ಡೆಲ್ ಫುಯೆಗೊವರೆಗೆ, ಅಮೆರಿಕ ಖಂಡಗಳಲ್ಲಿ ಮತ್ತು ಕೆರಿಬಿಯನ್ ದ್ವೀಪಗಳಲ್ಲಿ ಮಾತ್ರ ಇವೆ. ಭಾರತದಲ್ಲಿ ಒಂದೂ ಇಲ್ಲ. ರಜೆಗೆ ಊರಿಗೆ ಬಂದಾಗ ತೆಗೆದ ರೋಲೂ ಅಲ್ಲಿಯ ರೋಲೂ ಒಂದೇ ಪೆಟ್ಟಿಗೆಯಲ್ಲಿ ಬೆರೆತಿರುವುದು ಸಾಮಾನ್ಯ. ಮೈಸೂರಿನ ಮನೆಯಂಗಳದ ದಾಸವಾಳಕ್ಕೆ ಬಂದ ಹಕ್ಕಿಯ ಮೇಲೂ ‘ಹಮ್ಮಿಂಗ್‌ಬರ್ಡ್’ ಎಂದು ಬರೆದಿದ್ದರೆ ಅದು ನಮ್ಮ ಸೂರಕ್ಕಿ. ಸೂರಕ್ಕಿಯ ಕೊಕ್ಕು ಕೆಳಮುಖವಾಗಿ ಬಾಗಿರುತ್ತದೆ, ಕಾಲು ಎದ್ದು ಕಾಣುತ್ತದೆ, ಹೆಚ್ಚಾಗಿ ತೊಟ್ಟನ್ನೋ ಟೊಂಗೆಯನ್ನೋ ಹಿಡಿದು ಕೂತೇ ಮಕರಂದ ಹೀರುತ್ತದೆ. ಹಮ್ಮಿಂಗ್‌ಬರ್ಡ್‌ನ ಕಾಲು ಹೊಟ್ಟೆಯ ಗರಿಗಳಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗಿರುತ್ತದೆ. ಸೂರಕ್ಕಿಯೂ ಒಮ್ಮೊಮ್ಮೆ ಕ್ಷಣಕಾಲ ಗಾಳಿಯಲ್ಲಿ ನಿಲ್ಲುವುದರಿಂದ ಭಂಗಿ ಒಂದನ್ನೇ ನಂಬಬೇಡಿ, ಕೊಕ್ಕು ಕಾಲು ಎರಡನ್ನೂ ನೋಡಿ.

ಅಮೆರಿಕದಲ್ಲೇ ತೆಗೆದ ಚಿತ್ರದಲ್ಲೂ ಒಂದು ಮೋಸವಿದೆ. ಹಗಲಲ್ಲೇ ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ನಿಲ್ಲುವ ಕೆಲವು ಪತಂಗಗಳು ಮಸುಕು ಪ್ರಿಂಟಿನಲ್ಲಿ ಥೇಟ್ ಈ ಹಕ್ಕಿಯಂತೆಯೇ ಕಾಣುತ್ತವೆ. ತಲೆಯ ಮೇಲೆ ಎರಡು ಮೀಸೆ ಕಂಡರೆ, ಹೊಟ್ಟೆಯ ಮೇಲೆ ಅಡ್ಡಪಟ್ಟೆಗಳಿದ್ದರೆ ಅದು ಪತಂಗ.

1930ರ ದಶಕಕ್ಕಿಂತ ಹಿಂದಿನ ಚಿತ್ರವಾದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಹಕ್ಕಿಗೆ ಜೀವವಿದೆಯೇ? ರೂಬಿ-ಥ್ರೋಟೆಡ್ ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುತ್ತದೆ. ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ ಅತಿವೇಗದ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಳಸಿ ಈ ಹಕ್ಕಿಗಳ ಹಾರಾಟವನ್ನು ಹಿಡಿಯುವವರೆಗೆ, ಗಾಳಿಯಲ್ಲಿರುವ ಹಕ್ಕಿಯ ಒಂದೊಂದು ಗರಿಯೂ ಸ್ಪಷ್ಟವಾಗಿ ಬರುವುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು. 1910ರ ಪೋಸ್ಟ್‌ಕಾರ್ಡಿನಲ್ಲಿ ರೆಕ್ಕೆ ಹರಡಿ ಹಾರುತ್ತಿರುವ ಹಕ್ಕಿಯ ಪ್ರತಿ ಗರಿಯೂ ಎಣಿಸುವಂತಿದ್ದರೆ ಅದು ಹೊಟ್ಟು ತುಂಬಿದ ಹಕ್ಕಿಯೋ ಚಿತ್ರಕಾರ ಬರೆದದ್ದೋ ಆಗಿರಬೇಕು. ಆಗಲೂ ಪ್ರಭೇದ ಗುರುತಿಸಬಹುದು, ಆದರೆ ಊರು ಮತ್ತು ತಿಂಗಳು ನೆರವಿಗೆ ಬರುವುದಿಲ್ಲ. ಆ ಕಾಲದಲ್ಲಿ ಹಮ್ಮಿಂಗ್‌ಬರ್ಡ್ ಚರ್ಮಗಳು ಟೋಪಿಯ ಅಲಂಕಾರಕ್ಕಾಗಿ ಖಂಡಾಂತರ ಮಾರಾಟವಾಗುತ್ತಿದ್ದವು. ಕೊಲಂಬಿಯಾದ ಹಕ್ಕಿ ಲಂಡನ್ನಿನ ಸ್ಟುಡಿಯೋದಲ್ಲಿ ಇದ್ದಿರಬಹುದು.

ಎರಡನೆಯದು: ಚಿತ್ರವನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿ

ಸ್ಲೈಡಿನ ಮೌಂಟು (ಫಿಲ್ಮ್ ತುಂಡನ್ನು ಹಿಡಿದಿರುವ ಚೌಕಟ್ಟು), ಪ್ರಿಂಟಿನ ಅಂಚು ಮತ್ತು ಹಿಂಬದಿ, ಪೆಟ್ಟಿಗೆಯ ಮುಚ್ಚಳ, ಅದೇ ರೋಲಿನ ಹಿಂದುಮುಂದಿನ ಚಿತ್ರಗಳು, ಎಲ್ಲವೂ ಸಾಕ್ಷ್ಯ. ಕೊಡಾಕ್ ಲ್ಯಾಬಿನಲ್ಲಿ ತೊಳೆದ ಅರವತ್ತು ಎಪ್ಪತ್ತರ ದಶಕದ ಎಷ್ಟೋ ಸ್ಲೈಡುಗಳ ರಟ್ಟಿನ ಮೌಂಟಿನ ಮೇಲೆ ತಿಂಗಳು ಮತ್ತು ಇಸವಿಯ ಮುದ್ರೆ ಇರುತ್ತದೆ. ಆ ಕಾಲದ ಬಿಳಿ ಅಂಚಿನ ಪ್ರಿಂಟುಗಳಲ್ಲೂ ಅಂಚಿನಲ್ಲೇ ತಿಂಗಳು, ಇಸವಿ ಅಚ್ಚಾಗಿರುವುದುಂಟು. ಆದರೆ ಅದು ಫಿಲ್ಮ್ ತೊಳೆದ ತಿಂಗಳು, ಫೋಟೋ ತೆಗೆದ ತಿಂಗಳಲ್ಲ. 36 ಫ್ರೇಮಿನ ರೋಲು ಮುಗಿಯುವವರೆಗೆ ಕ್ಯಾಮೆರಾದಲ್ಲೇ ಇರುತ್ತಿತ್ತು. ಜೂನ್‌ನಲ್ಲಿ ತೆಗೆದದ್ದು ದೀಪಾವಳಿಯ ಚಿತ್ರಗಳ ಜೊತೆ ನವೆಂಬರ್ ಮುದ್ರೆ ಹೊತ್ತು ಬರಬಹುದು. ಮುದ್ರೆಯನ್ನು ‘ಇದಕ್ಕಿಂತ ಈಚೆಗಲ್ಲ’ ಎಂಬ ಗಡಿಯಾಗಿ ಮಾತ್ರ ಬಳಸಿ.

ರೋಲಿನ ಕ್ರಮ ಇದಕ್ಕಿಂತ ನಿಖರವಾದ ತಿಂಗಳು ಹೇಳುತ್ತದೆ. ಫ್ರೇಮಿನ ಸಂಖ್ಯೆ ನೋಡಿ, ಹಿಂದಿನ ಮುಂದಿನ ಚಿತ್ರಗಳಲ್ಲಿ ಮರಗಳು ಹೇಗಿವೆ, ಜನ ಏನು ತೊಟ್ಟಿದ್ದಾರೆ, ಯಾವ ಹೂವು ಬಿಟ್ಟಿದೆ ನೋಡಿ. ಕಾರಿನ ನಂಬರ್ ಪ್ಲೇಟು ರಾಜ್ಯವನ್ನು ಹೇಳುತ್ತದೆ. ಪ್ಲೇಟಿನ ಅಕ್ಷರ ಹಿಂದುಮುಂದಾಗಿದ್ದರೆ ಸ್ಲೈಡನ್ನು ತಿರುಗಾಮುರುಗಾ ಸ್ಕ್ಯಾನ್ ಮಾಡಿದ್ದಾರೆ ಎಂದರ್ಥ. ಮನೆಯ ಹಿರಿಯರು ಇನ್ನೂ ಇದ್ದರೆ ಹಕ್ಕಿಯ ಬಗ್ಗೆ ಕೇಳಬೇಡಿ, ಮನೆಯ ಬಗ್ಗೆ ಕೇಳಿ: ‘ಅಪ್ಪಾ, ಈ ಹಸಿರು ಬೇಲಿ ಯಾವ ಮನೆಯದು? ಆಗ ನೀವು ಹ್ಯೂಸ್ಟನ್‌ನಲ್ಲಿದ್ರಾ, ಡೆನ್ವರ್‌ಗೆ ಹೋಗಿ ಆಗಿತ್ತಾ?’ ಹಕ್ಕಿ ಅವರಿಗೆ ನೆನಪಿರಲಿಕ್ಕಿಲ್ಲ. ಬಾಡಿಗೆ ಮನೆಯ ಬೇಲಿ ಖಂಡಿತ ನೆನಪಿರುತ್ತದೆ.

ಮೂರನೆಯದು: ಊರು ಮತ್ತು ತಿಂಗಳಿನಿಂದ ಪಟ್ಟಿ ಕಿರಿದು ಮಾಡಿ

ನ್ಯೂಜೆರ್ಸಿ, ಓಹಾಯೊ, ಇಲಿನಾಯ್, ಜಾರ್ಜಿಯಾ, ಒಟ್ಟಾರೆ ಪೂರ್ವಾರ್ಧದ ಯಾವುದೇ ಊರು, ಮೇಯಿಂದ ಆಗಸ್ಟ್: ಹಕ್ಕಿ ರೂಬಿ-ಥ್ರೋಟೆಡ್ ಎಂದು ಹೆಚ್ಚುಕಡಿಮೆ ಬರೆದುಕೊಳ್ಳಬಹುದು. ಪೂರ್ವ ಭಾಗದಲ್ಲಿ ಮರಿಮಾಡುವ ಹಮ್ಮಿಂಗ್‌ಬರ್ಡ್ ಅದೊಂದೇ. ಅದೇ ಊರಿನಲ್ಲಿ ಡಿಸೆಂಬರ್ ಚಿತ್ರವಾದರೆ ಲೆಕ್ಕ ಬದಲಾಗುತ್ತದೆ. ಅಷ್ಟು ಹೊತ್ತಿಗೆ ರೂಬಿ-ಥ್ರೋಟೆಡ್‌ಗಳು ಮೆಕ್ಸಿಕೊ, ಮಧ್ಯ ಅಮೆರಿಕ ಸೇರಿರುತ್ತವೆ. ಚಳಿಗಾಲದ ಹಕ್ಕಿ ಪಶ್ಚಿಮದಿಂದ ದಾರಿ ಬಿಟ್ಟು ಬಂದ ರೂಫಸ್ ಆಗಿರುವ ಸಾಧ್ಯತೆ ಜಾಸ್ತಿ, ಅದರಲ್ಲೂ ಲೂಸಿಯಾನಾದಂಥ ಗಲ್ಫ್ ಕರಾವಳಿಯಲ್ಲಿ.

ಪಶ್ಚಿಮಕ್ಕೆ ಬಂದರೆ ಪಟ್ಟಿ ಉದ್ದವಾಗುತ್ತದೆ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಆನಾಸ್ ಮತ್ತು ಆಲೆನ್ಸ್, ವಲಸೆಯ ಕಾಲದಲ್ಲಿ ರೂಫಸ್. ಮರುಭೂಮಿಯ ಕಡೆ ಕೋಸ್ಟಾಸ್ ಮತ್ತು ಬ್ಲ್ಯಾಕ್-ಚಿನ್ಡ್. ರಾಕಿ ಪರ್ವತಗಳಲ್ಲಿ ಬ್ರಾಡ್-ಟೇಲ್ಡ್. ಜುಲೈ, ಆಗಸ್ಟ್ ಬಂತೆಂದರೆ ಅಲಾಸ್ಕಾವರೆಗಿನ ಉತ್ತರದ ನಾಡುಗಳಲ್ಲಿ ಮರಿ ಮಾಡಿ ತೆಂಕಣಕ್ಕೆ ಹೊರಟ ರೂಫಸ್‌ಗಳೂ ಪುಟ್ಟ ಕ್ಯಾಲಿಯೋಪಿಗಳೂ ಅದೇ ದಾರಿಯಲ್ಲಿ ಬರುತ್ತವೆ. ಟೆಕ್ಸಾಸ್‌ನ ನಡುಭಾಗದಲ್ಲಿ ರೂಬಿ-ಥ್ರೋಟೆಡ್ ಮತ್ತು ಬ್ಲ್ಯಾಕ್-ಚಿನ್ಡ್ ಎರಡೂ ಇರುವುದರಿಂದ ಅಲ್ಲಿಯ ಹೆಣ್ಣು ಹಕ್ಕಿಗಳ ಫೋಟೋಗಳು ಎಲ್ಲಕ್ಕಿಂತ ಕಷ್ಟ. ಆಗ್ನೇಯ ಅರಿಜೋನಾದ ಕಣಿವೆಗಳ ಚಿತ್ರ ಸಿಕ್ಕಿದರೆ ಮೆಕ್ಸಿಕೊದ ಪ್ರಭೇದಗಳನ್ನೂ ಪಟ್ಟಿಗೆ ಸೇರಿಸಲೇಬೇಕು.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಈಗಿನ ನಕ್ಷೆಯನ್ನು ಆಗಿನ ಫೋಟೋಗೆ ಹಾಗೇ ಹಾಕಬಾರದು. ಇಂದು ಸಿಯಾಟಲ್‌ನಲ್ಲಿ ಜನವರಿಯಲ್ಲಿ ಕಾಣುವ ಹಮ್ಮಿಂಗ್‌ಬರ್ಡ್ ಆನಾಸ್ ಎಂದು ಕಣ್ಣುಮುಚ್ಚಿ ಹೇಳಬಹುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ಆನಾಸ್ ಮರಿಮಾಡುತ್ತಿದ್ದದ್ದು ಬಾಹಾ ಕ್ಯಾಲಿಫೋರ್ನಿಯಾ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ತೋಟಗಳಲ್ಲಿ ನೆಟ್ಟ ನೀಲಗಿರಿಯಂಥ ಹೊರನಾಡ ಗಿಡಗಳು ಚಳಿಗಾಲದಲ್ಲೂ ಹೂ ಬಿಟ್ಟವು, ಫೀಡರುಗಳು ಬಂದವು, ಹಕ್ಕಿ ಬಡಗಣಕ್ಕೆ ಹರಡುತ್ತಾ ಹೋಯಿತು. ಹಾಗೆಯೇ ಲಾಸ್ ಏಂಜಲೀಸ್ ಸುತ್ತಮುತ್ತ ಈಗ ವರ್ಷವಿಡೀ ಕಾಣುವ ಆಲೆನ್ಸ್‌ನ ಉಪಪ್ರಭೇದ ಹಿಂದೆ ಚಾನೆಲ್ ದ್ವೀಪಗಳಲ್ಲಷ್ಟೇ ಇತ್ತು. ಪಾಲೋಸ್ ವೆರ್ಡಿಸ್ ಎಂಬಲ್ಲಿ ಅದು ಮುಖ್ಯಭೂಮಿಗೆ ಕಾಲಿಟ್ಟದ್ದು 1960ರ ದಶಕದಲ್ಲಿ. ನಿಮ್ಮ ಫೋಟೋದ ಬೆಲೆಯೂ ಇಲ್ಲೇ ಇದೆ. ಇಂಥ ಹರಡುವಿಕೆಯ ಅಂಚಿನಲ್ಲಿ, ತಾರೀಖಿನ ಸಮೇತ ಸಿಕ್ಕ ಒಂದು ಹಿತ್ತಲ ಸ್ಲೈಡ್ ನಿಜವಾದ ದಾಖಲೆ.

ನಾಲ್ಕನೆಯದು: ಸ್ಕ್ಯಾನ್

ಪ್ರಿಂಟು ಮಾತ್ರ ಇದ್ದರೆ ನೆಗೆಟಿವ್ ಹುಡುಕಿ. ಪ್ರಿಂಟಿನಲ್ಲಿ ಕಳೆದುಹೋದ ವಿವರ ನೆಗೆಟಿವ್‌ನಲ್ಲಿ ಇರುತ್ತದೆ. 35 ಎಂಎಂ ಫ್ರೇಮಿನಲ್ಲಿ ಹಕ್ಕಿ ಬಹಳ ಸಲ 2 ಮಿಲಿಮೀಟರಿಗಿಂತ ದೊಡ್ಡದಿರುವುದಿಲ್ಲ. ಇಂಚಿಗೆ 4000 ಪಿಕ್ಸೆಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ 2 ಮಿಲಿಮೀಟರಿಗೆ ಸುಮಾರು 315 ಪಿಕ್ಸೆಲ್ ಸಿಗುತ್ತವೆ, 1200ರಲ್ಲಿ ಮಾಡಿದರೆ ನೂರೂ ಇಲ್ಲ. ರೆಕ್ಕೆಯ ತುದಿಯ ಗರಿ ನೋಡಬೇಕಾದ ಕೆಲಸಕ್ಕೆ ನೂರು ಪಿಕ್ಸೆಲ್ ಸಾಲದು. ಸ್ಟುಡಿಯೋಗೆ ಕೊಡುವುದಾದರೆ ಟಿಫ್ ಫೈಲನ್ನೇ ಕೇಳಿ, ಶಾರ್ಪನಿಂಗ್ ಮತ್ತು ಧೂಳು ತೆಗೆಯುವ ಆಯ್ಕೆಗಳನ್ನು ಆಫ್ ಮಾಡಿಸಿ. ಇನ್‌ಫ್ರಾರೆಡ್‌ನಿಂದ ಧೂಳು ಅಳಿಸುವ ವ್ಯವಸ್ಥೆ ಕಪ್ಪುಬಿಳುಪು ಫಿಲ್ಮಿಗೆ ಒಗ್ಗುವುದಿಲ್ಲ, ಕೊಡಾಕ್ರೋಮ್‌ನಲ್ಲೂ ಎಡವುತ್ತದೆ. ಅದು ಧೂಳೆಂದು ಅಳಿಸಿದ್ದು ಬಾಲದ ತುದಿಯ ಬಿಳಿ ಚುಕ್ಕೆಯಾಗಿದ್ದರೆ ನಿಮ್ಮ ಮುಖ್ಯ ಸಾಕ್ಷ್ಯವೇ ಹೋಯಿತು.

ಈಗ ಬಂದಿರುವ ಎಐ ಶಾರ್ಪನಿಂಗ್, ಅಪ್‌ಸ್ಕೇಲಿಂಗ್‌ಗಳನ್ನು ಈ ಕೆಲಸಕ್ಕೆ ಖಂಡಿತ ಬಳಸಬೇಡಿ. ಅವು ಇಲ್ಲದ ಗರಿಯನ್ನು ಬರೆಯುತ್ತವೆ. ಚಿತ್ರ ಚೆನ್ನಾಗಿ ಕಾಣುತ್ತದೆ, ಹಕ್ಕಿ ಮಾತ್ರ ಬೇರೆಯದಾಗಿರುತ್ತದೆ. ಕುಟುಂಬದ ಆಲ್ಬಮ್ಮಿಗೆ ಬೇಕಿದ್ದರೆ ಬೇರೊಂದು ಪ್ರತಿ ಮಾಡಿಕೊಳ್ಳಿ.

ಮನೆಯಲ್ಲಿ 8 ಎಂಎಂ ಅಥವಾ ಸೂಪರ್ 8 ಮೂವಿ ರೀಲು ಇದ್ದರೆ ಅದನ್ನು ಬಿಡಬೇಡಿ. ಒಂದೊಂದು ಫ್ರೇಮು ಮಸುಕಾಗಿದ್ದರೂ ಚಲನೆ ಸಿಗುತ್ತದೆ. ಬ್ಲ್ಯಾಕ್-ಚಿನ್ಡ್ ಹೂವಿನ ಮುಂದೆ ನಿಂತಾಗ ಬಾಲವನ್ನು ಬಿಡುವಿಲ್ಲದೆ ಹಿಂದೆ ಮುಂದೆ ಆಡಿಸುತ್ತದೆ, ಆನಾಸ್ ಬಾಲವನ್ನು ಹೆಚ್ಚಾಗಿ ಸ್ಥಿರವಾಗಿ ಇಟ್ಟುಕೊಳ್ಳುತ್ತದೆ. ಯಾವ ಸ್ಥಿರಚಿತ್ರವೂ ಇದನ್ನು ಹೇಳಲಾರದು.

ಐದನೆಯದು: ಆಕಾರ

ಬಣ್ಣ ಹೋದರೂ ಆಕಾರ ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದು, ಹಾಗಾಗಿ ಇಲ್ಲಿ ಅವಸರ ಮಾಡಬೇಡಿ. ಸ್ಕ್ಯಾನನ್ನು ಕಪ್ಪುಬಿಳುಪಿಗೆ ಬದಲಾಯಿಸಿಕೊಂಡು ನೋಡಿದರೆ ಕಣ್ಣು ಬಣ್ಣದ ಹಿಂದೆ ಓಡುವುದು ತಪ್ಪುತ್ತದೆ.

ಕೂತಿರುವ ಹಕ್ಕಿಯ ಫೋಟೋ ಇದ್ದರೆ ಹಾರುವ ಹಕ್ಕಿಯದಕ್ಕಿಂತ ಅದನ್ನೇ ಆರಿಸಿ. ಮಡಚಿದ ರೆಕ್ಕೆಯ ತುದಿ ಬಾಲದ ತುದಿಗೆ ಹೋಲಿಸಿದರೆ ಎಲ್ಲಿಗೆ ಬರುತ್ತದೆ? ಕ್ಯಾಲಿಯೋಪಿಯಲ್ಲಿ ರೆಕ್ಕೆ ಬಾಲವನ್ನು ದಾಟಿರುತ್ತದೆ. ಎಂಟು ಸೆಂಟಿಮೀಟರ್ ಆಸುಪಾಸಿನ ಈ ಹಕ್ಕಿ ಸಂಯುಕ್ತ ಸಂಸ್ಥಾನ ಮತ್ತು ಕೆನಡಾದ ಅತಿ ಚಿಕ್ಕ ಹಕ್ಕಿ, ಅದರ ಬಾಲವೂ ಮೊಟಕು. ಬ್ರಾಡ್-ಟೇಲ್ಡ್‌ನಲ್ಲಿ ಬಾಲ ರೆಕ್ಕೆಯನ್ನು ದಾಟಿ ಚೆನ್ನಾಗಿ ಮುಂದಕ್ಕೆ ಬಂದಿರುತ್ತದೆ, ಆನಾಸ್‌ನಲ್ಲೂ ಸ್ವಲ್ಪ ಹಾಗೆಯೇ. ಕೋಸ್ಟಾಸ್‌ನಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ಮುಂದಿನದು ರೆಕ್ಕೆಯ ಹಾರುಗರಿಗಳು. ಹಮ್ಮಿಂಗ್‌ಬರ್ಡ್‌ಗಳ ಪ್ರತಿ ರೆಕ್ಕೆಯಲ್ಲಿ ಇಂಥ ದೊಡ್ಡ ಗರಿಗಳು ಹತ್ತು. ರೂಬಿ-ಥ್ರೋಟೆಡ್, ಬ್ಲ್ಯಾಕ್-ಚಿನ್ಡ್ ಎರಡರಲ್ಲೂ ಒಳಗಿನ ಆರು ಗರಿಗಳು ಕಿರಿದು, ಹೊರಗಿನ ನಾಲ್ಕು ಅಗಲ. ಮಡಚಿದ ರೆಕ್ಕೆಯಲ್ಲಿ ಈ ವ್ಯತ್ಯಾಸ ಒಂದು ಮೆಟ್ಟಿಲಿನ ಹಾಗೆ ತಟ್ಟನೆ ಕಾಣುತ್ತದೆ. ಆನಾಸ್, ಕೋಸ್ಟಾಸ್, ರೂಫಸ್, ಆಲೆನ್ಸ್‌ಗಳಲ್ಲಿ ಅಗಲ ಕ್ರಮೇಣ ಹೆಚ್ಚುತ್ತಾ ಹೋಗುತ್ತದೆ, ಎಲ್ಲೂ ಥಟ್ಟನೆ ಬದಲಾಗುವುದಿಲ್ಲ. ಇಷ್ಟು ಕಂಡರೆ ಪಟ್ಟಿ ಅರ್ಧಕ್ಕಿಳಿಯಿತು.

ಈಗ ಎಲ್ಲಕ್ಕಿಂತ ಹೊರಗಿನ, ಹತ್ತನೆಯ ಗರಿ. ರೂಬಿ-ಥ್ರೋಟೆಡ್‌ನಲ್ಲಿ ಅದು ತುದಿಗೆ ಹೋದಂತೆ ಸಪೂರವಾಗಿ, ಹೆಚ್ಚು ಬಾಗದೆ ಕೊನೆಗೊಳ್ಳುತ್ತದೆ. ಬ್ಲ್ಯಾಕ್-ಚಿನ್ಡ್‌ನಲ್ಲಿ ತುದಿಯವರೆಗೂ ಅಗಲವಾಗಿಯೇ ಇದ್ದು, ಒಳಕ್ಕೆ ಬಾಗಿ, ಮೊಂಡಾಗಿ ಮುಗಿಯುತ್ತದೆ. ಹೆಣ್ಣು ಹಕ್ಕಿಗಳಲ್ಲಿ ಈ ಎರಡನ್ನು ಬಿಡಿಸಿ ಹೇಳಲು ಇದಕ್ಕಿಂತ ಗಟ್ಟಿಯಾದ ಗುರುತು ಫೋಟೋದಲ್ಲಿ ಸಿಗುವುದಿಲ್ಲ. ಬೆನ್ನಿನ ಕಡೆಯಿಂದ ಅಥವಾ ಪಕ್ಕದಿಂದ ತೆಗೆದ ಚಿತ್ರದಲ್ಲೇ ಇದನ್ನು ನೋಡಬೇಕು. ಗರಿ ಕ್ಯಾಮೆರಾದ ಕಡೆಗೆ ಅಂಚು ತಿರುಗಿಸಿದ್ದರೆ ಅಗಲದ ಗರಿಯೂ ಸಪೂರ ಕಾಣುತ್ತದೆ.

ಬಾಲದಲ್ಲಿ ಎರಡು ವಿಷಯ. ಹೊರಗರಿಗಳ ತುದಿಯಲ್ಲಿ ದೊಡ್ಡ ಬಿಳಿ ಚುಕ್ಕೆ ಇದ್ದರೆ ಅದು ಹೆಣ್ಣು ಅಥವಾ ಎಳೆಯ ಹಕ್ಕಿ. ನಾವು ಮಾತಾಡುತ್ತಿರುವ ಪ್ರಭೇದಗಳಲ್ಲಿ ಬೆಳೆದ ಗಂಡಿಗೆ ಅದು ಇರುವುದಿಲ್ಲ. ಬೆಳೆದ ಗಂಡು ರೂಬಿ-ಥ್ರೋಟೆಡ್‌ನ ಬಾಲ ಕವಲೊಡೆದಿರುತ್ತದೆ. ರೂಫಸ್ ಮತ್ತು ಆಲೆನ್ಸ್ ಗಂಡುಗಳನ್ನು ಬಿಡಿಸುವುದೂ ಬಾಲವೇ: ರೂಫಸ್‌ನಲ್ಲಿ ನಡುವಿನಿಂದ ಎರಡನೆಯ ಗರಿಯ ತುದಿಯ ಬಳಿ ಒಂದು ಕಚ್ಚು ಇರುತ್ತದೆ, ಆಲೆನ್ಸ್‌ನಲ್ಲಿ ಅತಿ ಹೊರಗಿನ ಗರಿ ಬಹಳ ಸಪೂರ. ಬಾಲ ಪೂರ್ತಿ ಬಿಚ್ಚಿದ ಕ್ಷಣದ ಫೋಟೋ ಸಿಕ್ಕಿದರೆ ಮಾತ್ರ ಇದು ಕಾಣುತ್ತದೆ, ಹಳೆಯ ಚಿತ್ರಗಳಲ್ಲಿ ಅದು ಅಪರೂಪ.

ಕೊಕ್ಕಿನ ಉದ್ದವನ್ನು ತಲೆಯ ಉದ್ದಕ್ಕೆ ಹೋಲಿಸಿ ನೋಡಿ. ಬ್ಲ್ಯಾಕ್-ಚಿನ್ಡ್ ಹೆಣ್ಣಿನ ಕೊಕ್ಕು ಉದ್ದ, ಕ್ಯಾಲಿಯೋಪಿಯದು ಗಿಡ್ಡ. ಆದರೆ ಕೊಕ್ಕು ಫೀಡರಿನ ತೂತಿನೊಳಗೆ ಹೋಗಿದ್ದರೆ ಈ ಲೆಕ್ಕವನ್ನು ಬಿಟ್ಟುಬಿಡಿ.

ಆರನೆಯದು: ಬಣ್ಣಕ್ಕೆ ಫಿಲ್ಮ್ ಏನು ಮಾಡಿದೆ ಎಂದು ತಿಳಿದುಕೊಳ್ಳಿ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಕಪ್ಪುಬಿಳುಪು ಚಿತ್ರಗಳಲ್ಲಿ ಹೆಚ್ಚಿನವು ಕೆಂಪು ಬೆಳಕನ್ನು ಕಾಣದ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿನವು. ಅದರಲ್ಲಿ ಕೆಂಪು ಕಪ್ಪಾಗುತ್ತದೆ, ಇಟ್ಟಿಗೆ ಬಣ್ಣವೂ ಕಡುವಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ಅಂಥ ಚಿತ್ರದಲ್ಲಿ ಗಂಟಲು ಕಪ್ಪಗಿದ್ದರೆ ‘ಗಂಡು’ ಎಂದಷ್ಟೇ ಬರೆದುಕೊಳ್ಳಬೇಕು, ಬ್ಲ್ಯಾಕ್-ಚಿನ್ಡ್ ಎಂದಲ್ಲ. ಕೈಯಿಂದ ಬಣ್ಣ ಹಚ್ಚಿದ ಪೋಸ್ಟ್‌ಕಾರ್ಡು, ಲ್ಯಾಂಟರ್ನ್ ಸ್ಲೈಡುಗಳಲ್ಲಿ ಬಣ್ಣ ಹಚ್ಚಿದವರ ಕಲ್ಪನೆ ಇದೆ, ಹಕ್ಕಿಯ ಬಣ್ಣ ಇಲ್ಲ.

ಕಲರ್ ಸ್ಲೈಡಾದರೆ ಮೌಂಟಿನ ಮೇಲೆ ಫಿಲ್ಮಿನ ಹೆಸರು ನೋಡಿ. 1930ರ ದಶಕದ ನಡುವಿನಲ್ಲಿ ಬಂದ ಕೊಡಾಕ್ರೋಮ್ ಕತ್ತಲಲ್ಲಿ ಇಟ್ಟಿದ್ದರೆ ದಶಕಗಟ್ಟಲೆ ಬಣ್ಣ ಉಳಿಸಿಕೊಳ್ಳುತ್ತದೆ. ಪ್ರೊಜೆಕ್ಟರಿನಲ್ಲಿ ಪದೇಪದೇ ಹಾಕಿದ ಸ್ಲೈಡು ಮಾತ್ರ ಬೇಗ ಮಾಸುತ್ತದೆ. ಎಪ್ಪತ್ತರ ದಶಕದ ನಡುಭಾಗದವರೆಗಿನ ಎಕ್ಟಾಕ್ರೋಮ್ ಹಾಗಲ್ಲ. ಅದರ ಸಯಾನ್ (ಹಸಿರುನೀಲಿ) ವರ್ಣ ಪೆಟ್ಟಿಗೆಯೊಳಗೇ ಅಳಿಯುತ್ತದೆ, ಇಡೀ ಚಿತ್ರ ಕೆಂಪು ಗುಲಾಬಿಗೆ ತಿರುಗುತ್ತದೆ. ಆಗ ಪ್ರತಿ ಹೆಣ್ಣು ಹಕ್ಕಿಯ ಪಕ್ಕೆಯೂ ಇಟ್ಟಿಗೆ ಬಣ್ಣವಾಗಿ, ಎಲ್ಲವೂ ರೂಫಸ್ ಎನಿಸತೊಡಗುತ್ತದೆ.

ಪರಿಹಾರ ಸುಲಭ. ಅದೇ ಫ್ರೇಮಿನಲ್ಲಿ ಬೆಳ್ಳಗಿರಲೇಬೇಕಾದ ಒಂದು ವಸ್ತು ಹುಡುಕಿ: ಕಿಟಕಿಯ ಚೌಕಟ್ಟು, ಒಣಗಲು ಹಾಕಿದ ಪಂಚೆ, ಮೋಡ, ಹಕ್ಕಿಯದೇ ಬಾಲದ ಬಿಳಿ ತುದಿ. ಸ್ಕ್ಯಾನಿನ ಒಂದು ನಕಲನ್ನು ತೆರೆದು ಆ ವಸ್ತುವನ್ನು ಬಿಳಿಗೆ ಸರಿಹೊಂದಿಸಿ. ಆಮೇಲೂ ಪಕ್ಕೆ ಇಟ್ಟಿಗೆ ಬಣ್ಣವಾಗಿಯೇ ಉಳಿದರೆ, ಬಾಲದ ಬುಡದಲ್ಲೂ ಅದೇ ಬಣ್ಣ ಇದ್ದರೆ, ಆಗ ರೂಫಸ್, ಆಲೆನ್ಸ್, ಬ್ರಾಡ್-ಟೇಲ್ಡ್, ಕ್ಯಾಲಿಯೋಪಿಗಳ ಗುಂಪನ್ನು ಯೋಚಿಸಬಹುದು.

ಏಳನೆಯದು: ಗಂಟಲಿನ ಮಿರುಗು

ಗಂಡಿನ ಗಂಟಲಿನ ಮಿರುಗು ಬಣ್ಣದ ದ್ರವ್ಯದಿಂದ ಬಂದದ್ದಲ್ಲ. ಗರಿಯ ಅತಿಸೂಕ್ಷ್ಮ ಪದರಗಳು ಬೆಳಕನ್ನು ಒಂದು ದಿಕ್ಕಿಗೆ ಹಿಂದಿರುಗಿಸುವುದರಿಂದ ಹುಟ್ಟುವಂಥದ್ದು. ಸೂರ್ಯ, ಹಕ್ಕಿ, ಕ್ಯಾಮೆರಾ ಮೂರೂ ಸರಿಯಾದ ಕೋನದಲ್ಲಿದ್ದರೆ ಕೆಂಡದ ಕೆಂಪು. ಹಕ್ಕಿ ಕತ್ತು ಸ್ವಲ್ಪ ತಿರುಗಿಸಿದರೂ ಮಸಿ ಕಪ್ಪು. ಒಂದೇ ಹಕ್ಕಿಯ ಎರಡು ಅನುಕ್ರಮ ಫ್ರೇಮುಗಳಲ್ಲಿ ಎರಡು ಪ್ರಭೇದಗಳಂತೆ ಕಾಣಬಹುದು. ಆದ್ದರಿಂದ ಬಣ್ಣ ಯಾವುದು ಎನ್ನುವುದಕ್ಕಿಂತ ಆ ಬಣ್ಣದ ತೇಪೆ ಎಲ್ಲಿಯವರೆಗೆ ಹರಡಿದೆ ಎಂದು ನೋಡಿ. ಆನಾಸ್ ಗಂಡಿನಲ್ಲಿ ಅದು ಗಂಟಲಲ್ಲಿ ನಿಲ್ಲದೆ ನೆತ್ತಿಯನ್ನೂ ಮುಚ್ಚಿರುತ್ತದೆ. ಕೋಸ್ಟಾಸ್‌ನಲ್ಲಿ ನೆತ್ತಿಯನ್ನೂ ಮುಚ್ಚಿ, ಗಂಟಲಿನ ಎರಡೂ ಪಕ್ಕ ಉದ್ದವಾಗಿ ಕೆಳಗಿಳಿದಿರುತ್ತದೆ. ಕ್ಯಾಲಿಯೋಪಿಯಲ್ಲಿ ಬಿಳಿಯ ಮೇಲೆ ಬಿಡಿಬಿಡಿ ಗೆರೆಗಳು. ರೂಬಿ-ಥ್ರೋಟೆಡ್‌ನಲ್ಲಿ ಗದ್ದದ ತುದಿಯಿಂದ ಕಣ್ಣಿನ ಕೆಳಗಿನವರೆಗೆ ಕಪ್ಪು ಇರುತ್ತದೆ. ಬ್ರಾಡ್-ಟೇಲ್ಡ್‌ನಲ್ಲಿ ಆ ಕಪ್ಪು ಇಲ್ಲ. ಬ್ಲ್ಯಾಕ್-ಚಿನ್ಡ್‌ನಲ್ಲಿ ಮೇಲೆ ಕಪ್ಪು, ಕೆಳಗಡೆ ಮಾತ್ರ ನೇರಳೆಯ ಪಟ್ಟಿ. ಬೆನ್ನೆಲ್ಲ ಇಟ್ಟಿಗೆ ಬಣ್ಣದ ಬೆಳೆದ ಗಂಡು ರೂಫಸ್. ಬೆನ್ನು ಹಸಿರಾದ ಮಾತ್ರಕ್ಕೆ ಆಲೆನ್ಸ್ ಎನ್ನುವಂತಿಲ್ಲ, ಹಸಿರು ಬೆನ್ನಿನ ರೂಫಸ್‌ಗಳೂ ಇವೆ.

ಗಂಟಲು, ಮುಖದ ಬಗ್ಗೆ ಇನ್ನೆರಡು ಮಾತು. ಕೆಂಪು ಪ್ಲಾಸ್ಟಿಕ್ಕಿನ ಫೀಡರಿನ ಪಕ್ಕದಲ್ಲಿರುವ ಹೆಣ್ಣಿನ ಬಿಳಿ ಗಂಟಲಿಗೆ ಅದರ ಕೆಂಪು ಪ್ರತಿಫಲಿಸಿ ಹೊಸದಾಗಿ ಬಣ್ಣ ಬರುತ್ತಿರುವ ಎಳೆಯ ಗಂಡಿನಂತೆ ಕಾಣುತ್ತದೆ. ಕೊಕ್ಕಿನ ಬುಡದಲ್ಲೋ ಹಣೆಯಲ್ಲೋ ಹಳದಿ ತೇಪೆ ಇದ್ದರೆ ಅದು ಪರಾಗ, ಯಾವ ಕೈಪಿಡಿಯಲ್ಲೂ ಅದನ್ನು ಹುಡುಕಬೇಕಾಗಿಲ್ಲ.

ಗೂಡಿನ ಫೋಟೋ ಇದ್ದರೆ

ಹಕ್ಕಿ ಬಹಳ ಹೊತ್ತು ಕದಲದೆ ಕೂರುವ ಜಾಗ ಗೂಡಾದ್ದರಿಂದ ತೀರಾ ಹಳೆಯ ಫೋಟೋಗಳಲ್ಲಿ ಗೂಡಿನವೇ ಬಹಳ. ಅಲ್ಲಿ ಕೂತಿರುವುದು ಹೆಣ್ಣು. ಈ ಪ್ರಭೇದಗಳಲ್ಲಿ ಗಂಡು ಗೂಡಿನ ಕೆಲಸಕ್ಕೆ ಬರುವುದಿಲ್ಲ. ಹೊರಮೈಗೆಲ್ಲ ಕಲ್ಲುಹೂವಿನ ಚೂರುಗಳನ್ನು ಜೇಡರ ಬಲೆಯಿಂದ ಅಂಟಿಸಿದ್ದರೆ ರೂಬಿ-ಥ್ರೋಟೆಡ್ ಇರಬಹುದು. ಬ್ಲ್ಯಾಕ್-ಚಿನ್ಡ್‌ನ ಗೂಡಿಗೆ ಸಾಮಾನ್ಯವಾಗಿ ಕಲ್ಲುಹೂವು ಇರದೆ, ಗಿಡಗಳ ನಯವಾದ ತುಪ್ಪುಳದಿಂದ ಮಾಸಲು ಹಳದಿಯಾಗಿ ಕಾಣುತ್ತದೆ. ಆದರೆ ಆನಾಸ್ ಕೂಡ ಕಲ್ಲುಹೂವು ಅಂಟಿಸುತ್ತದೆ, ಆದ್ದರಿಂದ ಊರನ್ನು 
ಮರೆತು ಗೂಡನ್ನು ಓದಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದ ನಡುವೆ ಮೊಟ್ಟೆಯಿಟ್ಟ ಗೂಡು ಸಿಕ್ಕಿದರೆ ಆನಾಸ್ ಮೊದಲ ಊಹೆಯಾಗಬೇಕು.

ಒಂದು ಸ್ಲೈಡನ್ನು ಪೂರ್ತಿ ನೋಡೋಣ

ಹೀಗೊಂದು ಸ್ಲೈಡ್ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಎಕ್ಟಾಕ್ರೋಮ್ ಮೌಂಟು, ಸೆಪ್ಟೆಂಬರ್ 1974ರ ಮುದ್ರೆ, ಪೆನ್ನಿನಲ್ಲಿ ‘ಆಸ್ಟಿನ್, ಹಿತ್ತಲು’. ಚಿತ್ರವೆಲ್ಲ ಗುಲಾಬಿ. ಬಟ್ಟೆ ಒಣಹಾಕುವ ತಂತಿಯ ಮೇಲೆ ಒಂದು ಹಕ್ಕಿ, ಬೆನ್ನು ನಮ್ಮ ಕಡೆಗೆ. ಪಕ್ಕೆ ಇಟ್ಟಿಗೆ ಬಣ್ಣ.

ಮೊದಲ ನೋಟಕ್ಕೆ ರೂಫಸ್ ಎನಿಸುತ್ತದೆ. ಆದರೆ ಬಾಲದ ಬಿಳಿ ತುದಿಯೂ ಅಷ್ಟೇ ಗುಲಾಬಿಯಾಗಿದೆ. ಅದನ್ನು ಬಿಳಿಗೆ ತಂದ ಕೂಡಲೇ ಪಕ್ಕೆ ಮಾಸಲು ಬೂದಿಗೆ ಇಳಿಯುತ್ತದೆ. ರೂಫಸ್ ಹೋಯಿತು. ಬಿಳಿ ತುದಿ ಇರುವುದರಿಂದ ಹೆಣ್ಣು ಅಥವಾ ಮರಿ. ಆಸ್ಟಿನ್ ಆದ್ದರಿಂದ ರೂಬಿ-ಥ್ರೋಟೆಡ್ ಮತ್ತು ಬ್ಲ್ಯಾಕ್-ಚಿನ್ಡ್ ಎರಡೂ ಕಣದಲ್ಲಿವೆ. ಸೆಪ್ಟೆಂಬರಿನಲ್ಲಿ ರೂಬಿ-ಥ್ರೋಟೆಡ್‌ಗಳು ಟೆಕ್ಸಾಸ್ ದಾಟುತ್ತಿರುತ್ತವೆ ನಿಜ, ಆದರೆ ಹಿಂದಿನ ಎರಡು ಫ್ರೇಮುಗಳಲ್ಲಿ ಜುಲೈ ನಾಲ್ಕರ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದ, ಬಾವುಟಗಳಿವೆ. ಹಕ್ಕಿ ಬಂದದ್ದು ಬೇಸಿಗೆಯಲ್ಲಿ. ಒಳಗರಿಗಳು ಕಿರಿದು, ಹೊರಗಿನವು ಅಗಲ. ಕಡೆಯ ಗರಿ ತುದಿಯವರೆಗೂ ಅಗಲವಾಗಿ, ಬಾಗಿ, ಮೊಂಡಾಗಿ ಮುಗಿದಿದೆ. ಕೊಕ್ಕು ಉದ್ದ. ಬ್ಲ್ಯಾಕ್-ಚಿನ್ಡ್ ಎಂದು ಬರೆಯಬಹುದು. ಆ ಗರಿ ಕಾಣದೆ ಹೋಗಿದ್ದರೆ ಉಳಿದದ್ದೆಲ್ಲ ಹೊಂದಿದರೂ ನಾನು ‘ರೂಬಿ-ಥ್ರೋಟೆಡ್ ಅಥವಾ ಬ್ಲ್ಯಾಕ್-ಚಿನ್ಡ್’ ಎಂದೇ ನಿಲ್ಲಿಸುತ್ತಿದ್ದೆ.

ಹಾಗೆ ನಿಲ್ಲಿಸುವುದು ಸೋಲಲ್ಲ. ಹೆಣ್ಣು ಮತ್ತು ಎಳೆಯ ರೂಫಸ್, ಆಲೆನ್ಸ್‌ಗಳನ್ನು ಕೈಯಲ್ಲಿ ಹಿಡಿದು ಗರಿಯ ಅಗಲ ಅಳೆಯುವವರೇ ಎಚ್ಚರದಿಂದ ಹೇಳುತ್ತಾರೆ. ಆನಾಸ್ ಮತ್ತು ಕೋಸ್ಟಾಸ್ ಬೆರೆತ ಮಿಶ್ರತಳಿಗಳೂ ಉಂಟು.

ಇನ್ನೂ ದೂರದ ಚಿತ್ರಗಳು, ಹಳೆಯ ಹೆಸರುಗಳು

ಮೆಕ್ಸಿಕೊದಿಂದ ಕೆಳಗೆ ಹೋದರೆ ಈ ಕ್ರಮ ಸಾಲದು, ಆ ದೇಶದ ಕೈಪಿಡಿಯೇ ಬೇಕು. ಕೆಲವು ಮಾತ್ರ ನೋಡಿದ ಕೂಡಲೇ ತಿಳಿಯುತ್ತವೆ: ಆಂಡೀಸ್‌ನ ಸ್ವೋರ್ಡ್-ಬಿಲ್ಡ್‌ನ ಕೊಕ್ಕು ಅದರ ಮೈಗಿಂತ ಉದ್ದ, ಜಮೈಕಾದ ಸ್ಟ್ರೀಮರ್‌ಟೇಲ್ ಗಂಡಿಗೆ ಎರಡು ಉದ್ದನೆಯ ಬಾಲದ ಎಳೆಗಳು.

ಹಳೆಯ ಶೀರ್ಷಿಕೆಯಲ್ಲಿ ಹೆಸರಿದ್ದರೂ ಅದು ಈಗಿನ ಹೆಸರಲ್ಲದಿರಬಹುದು. ‘ಮ್ಯಾಗ್ನಿಫಿಸೆಂಟ್’ ಎಂದು ಕರೆಯುತ್ತಿದ್ದ ಹಕ್ಕಿಯನ್ನು 2017ರಲ್ಲಿ ರಿವೋಲೀಸ್ ಮತ್ತು ತಲಮಾಂಕಾ ಎಂದು ಎರಡು ಮಾಡಲಾಯಿತು. ‘ಗ್ರೀನ್ ವಯೊಲೆಟ್‌ಇಯರ್’ 2016ರಲ್ಲಿ ಮೆಕ್ಸಿಕನ್ ಮತ್ತು ಲೆಸ್ಸರ್ ಎಂದು ಬೇರೆಯಾಯಿತು. ಆಂಡೀಸ್‌ನ ಜೈಂಟ್ ಹಮ್ಮಿಂಗ್‌ಬರ್ಡ್‌ನಲ್ಲೂ ಎರಡು ಪ್ರಭೇದಗಳಿವೆ ಎಂದು 2024ರ ಅಧ್ಯಯನ ತೋರಿಸಿತು. ಇಂಥ ಕಡೆ ಫೋಟೋ ತೆಗೆದ ದೇಶ ಗೊತ್ತಿದ್ದರೆ ಹೊಸ ಹೆಸರು ಹೆಚ್ಚಾಗಿ ತಾನಾಗಿ ಸಿಗುತ್ತದೆ.

ಹೋಲಿಸುವುದು, ದಾಖಲಿಸುವುದು

ಕಾರ್ನೆಲ್ ವಿಶ್ವವಿದ್ಯಾಲಯದ ಮೆಕಾಲೆ ಲೈಬ್ರರಿಯ ಫೋಟೋ ಸಂಗ್ರಹ ಎಲ್ಲರಿಗೂ ತೆರೆದಿದೆ. ಪ್ರಭೇದ, ರಾಜ್ಯ, ತಿಂಗಳು, ಗಂಡು ಹೆಣ್ಣು, ವಯಸ್ಸು ಎಂದು ಸೋಸಿ, ನಿಮ್ಮ ಫೋಟೋದ ಭಂಗಿಯಲ್ಲೇ ಇರುವ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ. ಚೆನ್ನಾದ ಫೋಟೋಗಳ ಜೊತೆ ಮಾತ್ರ ಹೋಲಿಸಬೇಡಿ. ಮಸುಕಾದವನ್ನೂ ಹುಡುಕಿ, ನಿಮ್ಮದೂ ಅಂಥದೇ. ಮರ್ಲಿನ್ ಆ್ಯಪ್‌ಗೆ ಫೋಟೋ, ಊರು, ತಾರೀಖು ಕೊಟ್ಟರೆ ಹೆಸರುಗಳನ್ನು ಸೂಚಿಸುತ್ತದೆ. ಅದನ್ನು ಪಟ್ಟಿ ಎಂದು ತೆಗೆದುಕೊಳ್ಳಿ, ತೀರ್ಪು ಎಂದಲ್ಲ.

ಹಕ್ಕಿ ಕಂಡದ್ದನ್ನು ದಾಖಲಿಸುವ ಈಬರ್ಡ್ ಜಾಲತಾಣದಲ್ಲಿ ದಶಕಗಳ ಹಿಂದಿನ ದಿನಾಂಕಕ್ಕೂ ಪಟ್ಟಿ ಸೇರಿಸಿ ಫೋಟೋ ಲಗತ್ತಿಸಬಹುದು. ‘ರೂಬಿ-ಥ್ರೋಟೆಡ್/ಬ್ಲ್ಯಾಕ್-ಚಿನ್ಡ್’, ‘ರೂಫಸ್/ಆಲೆನ್ಸ್’ ಎಂಬ ಜೋಡಿ ಆಯ್ಕೆಗಳೂ ಅಲ್ಲಿವೆ, ಸಂಕೋಚವಿಲ್ಲದೆ ಬಳಸಿ. ಟಿಪ್ಪಣಿಯಲ್ಲಿ ತಾರೀಖು ಹೇಗೆ ತಿಳಿಯಿತು, ಊರು ಯಾರು ಹೇಳಿದರು, ಯಾವ ಗರಿ ನೋಡಿ ನಿರ್ಧರಿಸಿದಿರಿ, ಬಣ್ಣ ಸರಿಪಡಿಸಿದ್ದೀರಾ ಎಂಬುದನ್ನೆಲ್ಲ ಬರೆಯಿರಿ. ದಿನ ಖಚಿತವಿಲ್ಲದಿದ್ದರೆ ಊಹೆಯ ತಾರೀಖನ್ನು ನಿಜವೆಂಬಂತೆ ಹಾಕಬೇಡಿ. ಸರಿಪಡಿಸದ ಸ್ಕ್ಯಾನನ್ನೂ ಜೊತೆಗೆ ಏರಿಸಿ, ಮುಂದೆ ನೋಡುವವರು ನಿಮ್ಮ ಬಣ್ಣವನ್ನಲ್ಲ, ಫಿಲ್ಮಿನ ಬಣ್ಣವನ್ನು ನೋಡಬೇಕು.

ಸ್ಲೈಡನ್ನು ಹಳೆಯ ಮೌಂಟಿನಿಂದ ಬಿಚ್ಚಬೇಡಿ, ಅದರ ಮೇಲೆ ಹೊಸದಾಗಿ ಏನೂ ಬರೆಯಬೇಡಿ. ಕಂಡುಕೊಂಡ ಹೆಸರನ್ನು ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ರೋಲಿನ ಕ್ರಮ ತಪ್ಪದಂತೆ ಅದೇ ಪೆಟ್ಟಿಗೆಗೆ ವಾಪಸ್ ಹಾಕಿ, ತಂಪಾದ, ಒಣಗಿದ, ಕತ್ತಲ ಜಾಗದಲ್ಲಿ ಇಡಿ.